349 ರೂಪಾಯಿಯ ‘ಕಾಡು ಹೂ’ ಪ್ಯಾಕೆಟ್: ಮಲೆನಾಡಿನ ಮಳೆಯಲ್ಲಿ ಹಾಕಿ ನೋಡಿದೆ

ಮೊದಲೇ ಹೇಳಿಬಿಡುತ್ತೇನೆ. ಐದಕ್ಕೆ ಎರಡೂವರೆ. ಅದರಲ್ಲಿ ಒಂದೂವರೆ ಕಾಸ್ಮೊಸ್ ಹೂವಿಗೆ, ಒಂದು ಅಗಸೆ ಹೂವಿಗೆ. ಪ್ಯಾಕೆಟ್ ಮೇಲೆ ಬರೆದ ಮಾತಿಗೆ ಸೊನ್ನೆ.

ಇದು ಆನ್‌ಲೈನಿನಲ್ಲಿ ತರಿಸಿದ ‘ವೈಲ್ಡ್ ಫ್ಲವರ್ ಮಿಕ್ಸ್’. ಮಾರುವವರ ಹೆಸರು ಹಾಕುವುದಿಲ್ಲ, ಜಗಳಕ್ಕೆ ನನಗೆ ಪುರುಸೊತ್ತಿಲ್ಲ. 30 ಗ್ರಾಂ, 22 ಬಗೆ ಹೂ, ‘ವರ್ಷದ ಯಾವ ತಿಂಗಳಲ್ಲಾದರೂ ಬಿತ್ತಿ, ನೀರು ಹಾಕಿ, ಮರೆತುಬಿಡಿ’ ಅಂತ ಬರೆದಿತ್ತು. ಚಿತ್ರದಲ್ಲಿ ಒಂದು ದೊಡ್ಡ ಬಯಲು, ತುಂಬಾ ಕೆಂಪು ನೀಲಿ ಹಳದಿ ಹೂ, ಹಿಂದೆ ಹಿಮದ ಬೆಟ್ಟ. ಆ ಹಿಮದ ಬೆಟ್ಟ ನೋಡಿಯೇ ನಾನು ಎಚ್ಚರ ಆಗಬೇಕಿತ್ತು.

ನಮ್ಮನೆ ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗುವ ರಸ್ತೆಯಲ್ಲಿ, ಸ್ವಲ್ಪ ಒಳಗೆ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿನ ಆಸುಪಾಸು ಮಳೆ. ನಮ್ಮಲ್ಲಿ ಅಷ್ಟಿಲ್ಲ, ಆದರೂ ಜೂನ್ ಕಳೆಯುವುದರೊಳಗೆ ಅಂಗಳಕ್ಕೆ ಹಾಸಿದ ಅಡಿಕೆ ದಬ್ಬೆ ಮೇಲೆ ಕಾಲಿಟ್ಟರೆ ಜಾರಿ ಬೀಳುವಷ್ಟು ಪಾಚಿ. ಕೊರಿಯರ್‌ನವನು ಮನೆ ತನಕ ಬರುವುದಿಲ್ಲ, ಮೇನ್ ರೋಡಿನ ಗೂಡಂಗಡಿಯಲ್ಲಿ ಬಿಟ್ಟು ಫೋನ್ ಮಾಡುತ್ತಾನೆ. ಹೋದ ವರ್ಷ ಮೇ ಕೊನೆಯಲ್ಲಿ ನಮ್ಮನೆಯವರು ಹಾಲು ಕೊಟ್ಟು ಬರುವಾಗ ಅದನ್ನು ತಂದರು. ಅತ್ತೆ ಪ್ಯಾಕೆಟ್ ತಿರುಗಿಸಿ ತಿರುಗಿಸಿ ನೋಡಿ, “ಕಾಡು ಹೂವಿನ ಬೀಜವಾ? ದುಡ್ಡು ಕೊಟ್ಟು ಕಳೆ ತರಿಸಿದ್ಯಲ್ಲೇ ಮಾರಾಯ್ತಿ” ಅಂದರು. ನಾನು ನಕ್ಕುಬಿಟ್ಟೆ. ಆಮೇಲೆ ಓದಿದರೆ ಅದರಲ್ಲಿದ್ದ ಕಾರ್ನ್‌ಫ್ಲವರ್ ನಿಜಕ್ಕೂ ಯುರೋಪಿನ ಗೋಧಿ ಹೊಲದ ಕಳೆಯಂತೆ. ಅತ್ತೆಗೆ ಇದನ್ನು ಇನ್ನೂ ಹೇಳಿಲ್ಲ.

ಮೊದಲ ಸಲ ಏನು ಮಾಡಿದೆ ಅಂದರೆ, ಅರ್ಧ ಪ್ಯಾಕೆಟ್ ತೆಗೆದುಕೊಂಡು ಡೇರೆ (ಡೇಲಿಯಾ) ಹೂವಿಗೆ ಅಂತ ಮಾಡಿಟ್ಟಿದ್ದ ಪಾತಿಯಲ್ಲಿ, ಚೆನ್ನಾಗಿ ಕೊಟ್ಟಿಗೆ ಗೊಬ್ಬರ ಹಾಕಿದ ಮಣ್ಣಿನಲ್ಲಿ, ಉಪ್ಪು ಉದುರಿಸಿದ ಹಾಗೆ ಉದುರಿಸಿದೆ. ಒಂದು ವಾರಕ್ಕೆ ಹಸಿರು ಹಸಿರಾಗಿ ಎದ್ದು ಬಂತು. ಎಷ್ಟು ಖುಷಿ ಆಯಿತು ಅಂದರೆ ಫೋಟೋ ತೆಗೆದು ತಂಗಿಗೆ ಕಳಿಸಿದೆ. ಆಮೇಲೆ ಆರಿದ್ರಾ ಮಳೆ ಹಿಡಿಯಿತು. ಮೂರು ದಿನ ಸೂರಿನ ನೀರು ಪಾತಿಯ ಅಂಚಿಗೇ ಬಿದ್ದು ಒಂದು ಕಡೆಯ ಸಸಿ ಎಲ್ಲ ಕೊಚ್ಚಿ ಬಚ್ಚಲ ಕಾಲುವೆ ಸೇರಿತು. ಉಳಿದದ್ದು ಬುಡ ಕೊಳೆತು ದಾರದ ಹಾಗೆ ಬಿತ್ತು. ಅದರ ಮೇಲೂ ಉಳಿದದ್ದನ್ನು ಬಸವನಹುಳು ತಿಂದಿತು. ಜಿನಿಯಾ ನಾಲ್ಕು ಗಿಡ ಹೇಗೋ ಬದುಕಿ ಎಲೆ ತುಂಬ ಕಂದು ಚುಕ್ಕಿ ಮಾಡಿಕೊಂಡು ನಿಂತವು. ಕಾಸ್ಮೊಸ್ ಮಾತ್ರ ಸೊಕ್ಕಿನಿಂದ ನನ್ನೆತ್ತರ ಬೆಳೆಯಿತು, ಹೂವಿನ ಸುದ್ದಿ ಇಲ್ಲ, ಬರೀ ಎಲೆ. ಪುನರ್ವಸು ಮಳೆಯ ಗಾಳಿಗೆ ಒಂದು ರಾತ್ರಿ ಎಲ್ಲವೂ ಮಲಗಿದವು.

ಇದರಲ್ಲಿ ಬೀಜದ ತಪ್ಪು ಕಮ್ಮಿ. ನನ್ನ ತಪ್ಪೂ ಇದೆ. ಆದರೆ ‘ಯಾವ ತಿಂಗಳಲ್ಲಾದರೂ’ ಅಂತ ಬರೆದವರ ತಪ್ಪು ಜಾಸ್ತಿ ಅಲ್ವಾ? ಕಾಸ್ಮೊಸ್‌ಗೆ ಹಗಲು ಚಿಕ್ಕದಾಗುತ್ತ ಬಂದರೆ ಬೇಗ ಹೂ ಬಿಡುವ ಸ್ವಭಾವ. ಮೇ ತಿಂಗಳಲ್ಲಿ ಹಾಕಿದರೆ ಉದ್ದ ಹಗಲು, ಅದರ ಜೊತೆ ನನ್ನ ಕೊಟ್ಟಿಗೆ ಗೊಬ್ಬರ, ಇನ್ನೇನು ಬೇಕು ಸೊಪ್ಪು ಬೆಳೆಯಲಿಕ್ಕೆ. ಇಂಥ ಹೂಗಳಿಗೆ ಬಡ ಮಣ್ಣೇ ಒಳ್ಳೆಯದು, ಹೊಟ್ಟೆ ತುಂಬಿದರೆ ಹೂ ಬಿಡುವ ಗೋಜಿಗೆ ಹೋಗುವುದಿಲ್ಲ. ಇನ್ನು ಕ್ಯಾಲಿಫೋರ್ನಿಯಾ ಪಾಪಿ. ಅದರ ಊರಿನಲ್ಲಿ ಮಳೆ ಬರುವುದೇ ಚಳಿಗಾಲದಲ್ಲಿ, ಬೇಸಿಗೆ ಪೂರ್ತಿ ಒಣ. ನಮ್ಮದು ಪೂರ್ತಿ ಉಲ್ಟಾ. ಅದನ್ನು ತಂದು ಆರಿದ್ರಾ ಮಳೆಗೆ ಒಡ್ಡಿದರೆ ಅದು ಏನು ಮಾಡಬೇಕು ಪಾಪ.

ಉಳಿದರ್ಧ ಪ್ಯಾಕೆಟ್ಟನ್ನು ಸುಮ್ನೆ ಎಸೆಯಲು ಮನಸ್ಸಾಗಲಿಲ್ಲ. ಜುಲೈನಲ್ಲಿ ಒಂದು ದಿನ ಕರೆಂಟಿಲ್ಲ, ತೋಟಕ್ಕೆ ಹೋಗುವ ಹಾಗಿಲ್ಲ, ಹೋದರೆ ಉಂಬಳ, ಅಂದರೆ ಜಿಗಣೆ. ಬಿಳಿ ತಟ್ಟೆಯಲ್ಲಿ ಬೀಜ ಸುರಿದುಕೊಂಡು ಕಿಟಕಿ ಹತ್ತಿರ ಕೂತೆ. ಈ ವಿಮರ್ಶೆಯಲ್ಲಿ ನಿಮಗೆ ನಿಜಕ್ಕೂ ಉಪಯೋಗ ಆಗುವ ಭಾಗ ಇದೇ ಅಂತ ನನಗೆ ಅನಿಸುತ್ತದೆ, ಸ್ವಲ್ಪ ನಿಧಾನಕ್ಕೆ ಓದಿ.

ಮೊದಲು ಕಂಡದ್ದು ಬೀಜ ಅಲ್ಲ. ಕಂದು ಬಣ್ಣದ ಪುಡಿ, ತೆಂಗಿನ ನಾರಿನದು. ಚೆಲ್ಲಲು ಸುಲಭ ಆಗಲಿ ಅಂತ ಇಂಥ ಪುಡಿ ಸೇರಿಸುವ ರೂಢಿ ಇದೆ, ಅದೇನೂ ಮೋಸ ಅಲ್ಲ, ಆದರೆ ಎಷ್ಟು ಅಂತ ಬರೆಯಬೇಕಲ್ಲ. ಟೀ ಸೋಸುವ ಜರಡಿಯಲ್ಲಿ ಹಾಕಿ, ಊದಿ, ಅಡಿಗೆಮನೆಯ ತಕ್ಕಡಿಯಲ್ಲಿ ಇಟ್ಟರೆ, 15 ಗ್ರಾಂನಲ್ಲಿ ಬೀಜ 5 ಗ್ರಾಂ ಕೂಡ ಬರಲಿಲ್ಲ. ಸಣ್ಣ ಬೀಜ ಒಂದಷ್ಟು ಜರಡಿಯಿಂದ ಇಳಿದು ಪುಡಿಯ ಜೊತೆ ಹೋಗಿರಬಹುದು, ಇರಲಿ. ಆದರೂ ನಾರಿನ ಪುಡಿ ಬೇಕಾದರೆ ನಮ್ಮಲ್ಲೇ ತೆಂಗಿನ ಮರ ಇದೆ ಮಾರಾಯ್ರೆ.

ಆಮೇಲೆ ಬೀಜ. ಕಾಸ್ಮೊಸ್ ಗೊತ್ತಾಗುತ್ತದೆ, ಕಪ್ಪು, ಸಪೂರ, ಬಾಗಿದ ಸೂಜಿಯ ಹಾಗೆ. ಜಿನಿಯಾ ಚಪ್ಪಟೆ, ಬಾಣದ ತುದಿಯಂತೆ. ಅಗಸೆಯದು ನಮ್ಮ ಚಟ್ನಿಪುಡಿಗೆ ಹಾಕುವ ಅಗಸೆ ಬೀಜದ ತಮ್ಮನೇ, ಕಂದು, ನುಣುಪು, ಬೆರಳಲ್ಲಿ ಹಿಡಿದರೆ ಜಾರುತ್ತದೆ. ಕಾರ್ನ್‌ಫ್ಲವರ್ ಬೀಜ ನೋಡಲಿಕ್ಕೇ ಚೆಂದ, ಗಡ್ಡ ಬೋಳಿಸುವ ಬ್ರಶ್ ಇರುತ್ತದಲ್ಲ, ಅದನ್ನು ಇರುವೆಗೆ ಅಂತ ಮಾಡಿದ ಹಾಗೆ, ಬೆಳ್ಳಗಿನ ಹಿಡಿ, ತುದಿಯಲ್ಲಿ ಕೂದಲು. ಗೇಲಾರ್ಡಿಯಾ ಶಟಲ್ ಕಾಕ್ ಥರ. ಚೆಂಡು ಹೂವಿನ ಬೀಜವೂ ಸಿಕ್ಕಿತು, ಇದು ಯಾವ ಕಾಡಿನ ಹೂವೋ ಕಾಣೆ, ನಮ್ಮ ದೀಪಾವಳಿಗೆ ಬಾಗಿಲಿಗೆ ಕಟ್ಟುವ ಚೆಂಡು ಹೂವೇ. ಪಾಪಿಯದು ಗಸಗಸೆಗಿಂತ ಸ್ವಲ್ಪ ದಪ್ಪ, ಗುಂಡಗೆ. ಹುರುಳಿ ಕಾಳಿನಷ್ಟಿದ್ದ ಮೂರು ಬೀಜ ಲುಪಿನ್‌ದು. ಕಪ್ಪಗೆ ಮೂಲೆ ಮೂಲೆಯಾಗಿದ್ದದ್ದು ಲಾರ್ಕ್‌ಸ್ಪರ್ ಇರಬೇಕು. ಹೆಸರು ಗೊತ್ತಾಗದ ಇನ್ನೆರಡು ಬಗೆ. ಒಟ್ಟು ಹನ್ನೊಂದು. ಬರೆದದ್ದು 22.

ಲುಪಿನ್ ಬಿಟ್ಟು ಪ್ರತಿಯೊಂದರಲ್ಲೂ 20 ಬೀಜ ಎಣಿಸಿ, ಒದ್ದೆ ಬಟ್ಟೆಯ ಮಡಿಕೆಯಲ್ಲಿಟ್ಟು, ಸ್ಟೀಲ್ ಮುಚ್ಚಳದಲ್ಲಿ ಹತ್ತು ದಿನ ಬಿಟ್ಟೆ. ಕಾಸ್ಮೊಸ್ 16 ಮೊಳೆತವು, ಜಿನಿಯಾ 15, ಅಗಸೆ 13, ಕಾರ್ನ್‌ಫ್ಲವರ್ 9, ಪಾಪಿ 4. ಲಾರ್ಕ್‌ಸ್ಪರ್ ಒಂದೂ ಇಲ್ಲ, ಅದಕ್ಕೆ ತಂಪು ಬೇಕು, ನಮ್ಮ ಮಳೆಗಾಲದ ಅಡಿಗೆಮನೆ ಅದಕ್ಕೆ ಬಿಸಿಯೇ. ಲುಪಿನ್ ಸಿಪ್ಪೆ ಗಟ್ಟಿ, ಉಪ್ಪುಕಾಗದಕ್ಕೆ ಉಜ್ಜಿ ನೆನೆ ಹಾಕಿದೆ, ಮೂರೂ ಬೂಷ್ಟು ಹಿಡಿದವು. ನೀವು ಯಾರ ಹತ್ತಿರ ಬೀಜ ತರಿಸಿದರೂ ಈ ಬಟ್ಟೆ ಪರೀಕ್ಷೆ ಒಂದು ಮಾಡಿಬಿಡಿ. ನಮ್ಮತ್ತೆ ಸೌತೆ ಬೀಜವನ್ನು ಸಗಣಿಯಲ್ಲಿ ಕಲಸಿ ಗೋಡೆಗೆ ಅಂಟಿಸಿ ಇಡುವವರು, ಅವರ ಬೀಜ ಪ್ರತಿ ವರ್ಷ ಹುಟ್ಟುತ್ತದೆ. ಪ್ಯಾಕೆಟ್ ಮೇಲೆ ಕಟ್ಟಿದ ತಾರೀಖಾಗಲಿ, ಮೊಳಕೆ ಶೇಕಡಾ ಎಷ್ಟು ಅಂತಾಗಲಿ, ಗಿಡಗಳ ಹೆಸರಾಗಲಿ ಏನೂ ಇರಲಿಲ್ಲ. ಹಿಮದ ಬೆಟ್ಟ ಮಾತ್ರ ಇತ್ತು.

ಎರಡನೇ ಸಲ ಬಿತ್ತಿದ್ದು ಅಕ್ಟೋಬರಿನಲ್ಲಿ. ಭೂಮಿ ಹುಣ್ಣಿಮೆ ಮುಗಿದಿತ್ತು, ಚಿತ್ತಾ ಮಳೆ ಒಂದು ಸಲ ಗುಡುಗಿ ಹೋಗಿತ್ತು. ಈ ಸಲ ಡೇರೆ ಪಾತಿ ಅಲ್ಲ, ಮನೆ ಹಿಂದಿನ ಧರೆಯ, ಅಂದರೆ ಕಡಿದ ಮಣ್ಣಿನ ದಿಬ್ಬದ, ಮೇಲಿನ ಇಳಿಜಾರು. ಜಂಬಿಟ್ಟಿಗೆ ಮಣ್ಣು, ಹುಲ್ಲು ಕೂಡ ಮುನಿಸಿಕೊಂಡು ಬೆಳೆಯುವ ಜಾಗ. ಗೊಬ್ಬರ ಹಾಕಲಿಲ್ಲ. ಹುಲ್ಲು ಕಿತ್ತು, ಮೇಲ್ಮಣ್ಣು ಕುಂಟಾಣಿಯಿಂದ ಸ್ವಲ್ಪ ಕೆರೆದು, ಬೀಜಕ್ಕೆ ಐದು ಪಾಲು ಒಣ ಮರಳು ಸೇರಿಸಿ ಎರಚಿದೆ. ಮರಳು ಬೆಳ್ಳಗೆ ಕಾಣುವುದರಿಂದ ಎಲ್ಲಿ ಬಿತ್ತು ಎಲ್ಲಿ ಬೀಳಲಿಲ್ಲ ಅಂತ ಗೊತ್ತಾಗುತ್ತದೆ. ಮಣ್ಣು ಮುಚ್ಚಲಿಲ್ಲ, ಒಂದು ಹಲಗೆ ಇಟ್ಟು ಮೇಲೆ ನಿಂತು ಒತ್ತಿದೆ ಅಷ್ಟೇ. ಸುತ್ತ ಒಲೆ ಬೂದಿ ಹಾಕಿದೆ, ಇಲ್ಲದಿದ್ದರೆ ಇರುವೆ ಸಾಲು ಹಿಡಿದು ಹೊತ್ತುಕೊಂಡು ಹೋಗುತ್ತವೆ. ಹೀಗೆ ಬೂದಿ ಹಾಕಿದರೂ ಒಂದು ಮೂಲೆಯ ಬೀಜ ಅವುಗಳ ಪಾಲೇ ಆಯಿತು. ಇಬ್ಬನಿ ಬೀಳುವ ತನಕ ದಿನಾ ಸಂಜೆ ಸಣ್ಣ ತೂತಿನ ಡಬ್ಬದಲ್ಲಿ ನೀರು.

ಡಿಸೆಂಬರ್ ಮೊದಲ ವಾರ ಕಾಸ್ಮೊಸ್ ಹೂ ಬಿಟ್ಟಿತು. ಮೊಣಕಾಲಿಗಿಂತ ಸ್ವಲ್ಪ ಮೇಲೆ, ಬೀಳದೆ ನೆಟ್ಟಗೆ, ಗುಲಾಬಿ ಬಣ್ಣದ್ದೂ ಬಿಳಿಯದ್ದೂ. ಅದೇ ಬೀಜ, ಮೇ ತಿಂಗಳಲ್ಲಿ ನನ್ನೆತ್ತರ ಬೆಳೆದು ಬಿದ್ದದ್ದು. ಅಗಸೆ ಹೂ ನೋಡಬೇಕು ಅಂದರೆ ಬೆಳಿಗ್ಗೆಯೇ ಹೋಗಬೇಕು. ಒಂದು ಹೂವಿಗೆ ಒಂದೇ ಹೊತ್ತು, ಮಧ್ಯಾಹ್ನದ ಊಟ ಆಗುವುದರೊಳಗೆ ಎಸಳು ಉದುರಿರುತ್ತದೆ, ಮರುದಿನ ಬೇರೆ ಮೊಗ್ಗು ಅರಳಿರುತ್ತದೆ. ಆ ನೀಲಿ ನಮ್ಮ ಕಡೆ ಬೇರೆ ಯಾವ ಹೂವಿನಲ್ಲೂ ನಾನು ನೋಡಿಲ್ಲ, ಶಂಖಪುಷ್ಪದ್ದು ಗಾಢ, ಇದು ತೊಳೆದ ಹಾಗೆ ತೆಳು. ಜನವರಿ ಚಳಿಗೆ ಕಾರ್ನ್‌ಫ್ಲವರ್ ಐದಾರು ಗಿಡ ಹೂ ಕೊಟ್ಟವು. ಪಾಪಿ ಮೂರೇ ಗಿಡ. ಕಿತ್ತಳೆ ಬಣ್ಣದ ಬಟ್ಟಲು, ಮೋಡ ಬಂದರೆ ಮುಚ್ಚಿಕೊಳ್ಳುತ್ತದೆ. ಅದರ ಬೇರು ಸೀದಾ ಕೆಳಗೆ ಇಳಿಯುವ ಜಾತಿ, ಒಂದನ್ನು ಕಿತ್ತು ಕುಂಡಕ್ಕೆ ಹಾಕಲು ಹೋಗಿ ಸಾಯಿಸಿದೆ. ಅಲ್ಲಿಗೆ ಎರಡು. ಗೇಲಾರ್ಡಿಯಾ ಮಾತ್ರ ಏಪ್ರಿಲ್ ಬಿಸಿಲಿಗೂ ಹಿಂದೆ ಸರಿಯಲಿಲ್ಲ.

ತುಡುವೆ ಜೇನು ಕಾಸ್ಮೊಸ್ ಮೇಲೆ ಬೆಳಿಗ್ಗೆ ಹೊತ್ತು ಚೆನ್ನಾಗಿ ಬಂತು. ಇದೊಂದಕ್ಕೆ ಪೂರ್ತಿ ಅಂಕ ಕೊಡಬಹುದು.

ಈಗ ಹೆಸರಿನ ವಿಷಯ. ಇದನ್ನು ‘ಕಾಡು ಹೂ’ ಅಂತ ಮಾರುವುದು ನನಗೆ ಸರಿ ಕಾಣುವುದಿಲ್ಲ. ಕಾಸ್ಮೊಸ್, ಜಿನಿಯಾ ಎರಡೂ ಮೆಕ್ಸಿಕೊ ಕಡೆಯವು. ಅಲ್ಲಿಯ ಕಾಡಿಗೆ ಕಾಡು ಹೂ, ಇಲ್ಲಿ ತೋಟದ ಹೂ. ಹೀಗೆ ಚೆಂದಕ್ಕೆ ಅಂತ ತಂದ ಗಿಡ ಏನು ಮಾಡುತ್ತದೆ ಅನ್ನುವುದಕ್ಕೆ ನಮಗೆ ದೂರ ಹೋಗಬೇಕಿಲ್ಲ. ಲಂಟಾನವನ್ನು 19ನೇ ಶತಮಾನದ ಶುರುವಿನಲ್ಲಿ ಕಲ್ಕತ್ತದ ಸಸ್ಯೋದ್ಯಾನಕ್ಕೆ ಅಲಂಕಾರಕ್ಕೆ ಅಂತಲೇ ತಂದದ್ದು. ಈಗ ಬೆಟ್ಟದಲ್ಲಿ ದನ ನುಗ್ಗುವುದಕ್ಕೆ ಜಾಗ ಇಲ್ಲ. ಕಿತ್ತಳೆ ಬಣ್ಣದ ಕಾಸ್ಮೊಸ್ ಕೂಡ ಈಗಾಗಲೇ ಘಟ್ಟದ ರಸ್ತೆ ಬದಿಯಲ್ಲಿ ತಾನಾಗಿ ಹಬ್ಬುತ್ತಿದೆ. ನಮ್ಮ ಪ್ಯಾಕೆಟ್ಟಿನಲ್ಲೂ ಅದರ ನಾಲ್ಕು ಗಿಡ ಬಂದವು. ಅದನ್ನು ಬೀಜ ಕಟ್ಟುವ ಮೊದಲೇ ಕತ್ತರಿಸಿ ಹಾಕಿದೆ. ಸೊಪ್ಪಿನ ಬೆಟ್ಟಕ್ಕೆ ತಾಗಿ ಮನೆ ಇರುವವರು ದಯವಿಟ್ಟು ಇಷ್ಟು ಮಾಡಿ. ಪ್ಯಾಕೆಟ್ ಮೇಲೆ ಇದರ ಬಗ್ಗೆ ಒಂದು ಸಾಲೂ ಇಲ್ಲ. ‘ತಾನಾಗಿ ಹರಡಿ ಪ್ರತಿ ವರ್ಷ ಬರುತ್ತದೆ’ ಅಂತ ಹೆಮ್ಮೆಯಿಂದ ಬರೆದಿದ್ದಾರೆ.

ನಮ್ಮ ಕಾಡಿನ ಹೂವಿಗೂ ಇದಕ್ಕೂ ದೊಡ್ಡ ವ್ಯತ್ಯಾಸ ಮಳೆಯದ್ದೇ. ಕೊಡಚಾದ್ರಿಯ ಮೇಲೆ ಆಗಸ್ಟ್ ಸೆಪ್ಟೆಂಬರಿನಲ್ಲಿ ಹೋದವರಿಗೆ ಗೊತ್ತು, ಮಂಜು ಮುಸುಕಿ ಎದುರಿನ ಮನುಷ್ಯ ಕಾಣುವುದಿಲ್ಲ, ಹುಲ್ಲಿನ ನಡುವೆ ಕಾಡು ಕರ್ಣಕುಂಡಲ ಮಳೆ ಕುಡಿಯುತ್ತ ಅರಳಿರುತ್ತದೆ. ನಮ್ಮನೆಯಲ್ಲೂ ಅದೇ ಆಯಿತು. ಮೊದಲ ಸಲ ನನ್ನ 349 ರೂಪಾಯಿ ಕೊಳೆಯುತ್ತಿದ್ದಾಗ ಪಾತಿಯ ಪಕ್ಕ, ಕಲ್ಲಿನ ಸಂದಿಯಲ್ಲಿ, ಯಾರೂ ಬಿತ್ತದ ಕರ್ಣಕುಂಡಲ ಕೆಂಪು ದಂಟು ಎತ್ತಿಕೊಂಡು ನಿಂತಿತ್ತು. ಬಸವನಹುಳು ಅದನ್ನು ಮೂಸಿಯೂ ನೋಡಲಿಲ್ಲ.

ಹಾಗಾಗಿ ಈ ಪ್ಯಾಕೆಟ್ಟಿನ ಎದುರು ಇಟ್ಟು ನೋಡಲು ನಾನೇ ಒಂದು ‘ಮಿಕ್ಸ್’ ಮಾಡಿಕೊಂಡೆ. ಖರ್ಚು ಶಂಖಪುಷ್ಪಕ್ಕೆ 20 ರೂಪಾಯಿ, ಅದೂ ಶಿವಮೊಗ್ಗದ ಗಾಂಧಿ ಬಜಾರಿಗೆ ಬೇರೆ ಕೆಲಸಕ್ಕೆ ಹೋದಾಗ ಒಂದು ಸಣ್ಣ ಬೀಜದ ಅಂಗಡಿಯಲ್ಲಿ ಕೊಂಡದ್ದು. ಆ ಅಂಗಡಿಯ ಯಜಮಾನರು “ಎಲ್ಲಿ ಹಾಕ್ತೀರಿ, ಬಿಸಿಲಿದೆಯಾ?” ಅಂತ ಕೇಳಿ ಆಮೇಲೆ ಕೊಟ್ಟರು. “ರಾತ್ರಿ ನೆನೆ ಹಾಕಿ, ಬೆಳಿಗ್ಗೆ ಉಬ್ಬಿದ್ದನ್ನು ಮಾತ್ರ ಹಾಕಿ” ಅಂದರು. ಹಾಗೇ ಮಾಡಿದೆ, ಹತ್ತರಲ್ಲಿ ಎಂಟು ಬಂತು. ಆನ್‌ಲೈನಿನಲ್ಲಿ ಈ ಒಂದು ಪ್ರಶ್ನೆ ಕೇಳುವವರು ಯಾರಿದ್ದಾರೆ ಹೇಳಿ.

ಉಳಿದದ್ದೆಲ್ಲ ಆರಿಸಿಕೊಂಡದ್ದು. ಕರ್ಣಕುಂಡಲದ ಬೀಜ ಹಿಡಿಯುವುದು ಒಂದು ಆಟ. ಕಾಯಿ ಬಲಿತರೆ ಮುಟ್ಟಿದ ತಕ್ಷಣ ಸಿಡಿದು ಸುರುಳಿ ಸುತ್ತಿಕೊಳ್ಳುತ್ತದೆ, ಬೀಜ ಎಲ್ಲೋ ಹಾರಿ ಹೋಗುತ್ತದೆ. ಹಾಗಾಗಿ ಗಿಡದಲ್ಲೇ ಕಾಯಿಯನ್ನು ಮುಷ್ಟಿಯೊಳಗೆ ಪೂರ್ತಿ ಮುಚ್ಚಿಕೊಂಡು ಆಮೇಲೆ ಒತ್ತಬೇಕು, ಅಂಗೈಯೊಳಗೆ ಹುಳ ಹೊರಳಿದ ಹಾಗೆ ಆಗುತ್ತದೆ. ಮಗ ಮೊದಲ ಸಲ ಹೆದರಿ ಎಲ್ಲ ಎಸೆದ. ತುಂಬೆ ಬೀಜಕ್ಕೆ ಒಣಗಿದ ಗುಂಡನ್ನು ಕಾಗದದ ಮೇಲೆ ಉದುರಿಸಿದರೆ ಸಾಕು. ತುಂಬೆ ಪೂಜೆಗೂ ಆಯಿತು, ಶಿವನಿಗೆ ಪ್ರೀತಿ ಅಂತ ಅತ್ತೆ ಅದನ್ನು ಕಳೆ ಅನ್ನುವುದಿಲ್ಲ. ಗಿಜಿಗಿಜಿ ಗಿಡದ್ದು ಒಣ ಕಾಯಿ ಅಲ್ಲಾಡಿಸಿದರೆ ಗೆಜ್ಜೆ ಥರ ಸದ್ದು, ಹಳದಿ ಹೂ. ಅದರ ಬಾಡಿದ ಗಿಡಕ್ಕೆ ನೀಲಿ ಹುಲಿ ಚಿಟ್ಟೆ ಗುಂಪು ಗುಂಪಾಗಿ ಮುತ್ತುತ್ತದೆ, ನೋಡಲು ಹಬ್ಬ. ಆದರೆ ಆ ಗಿಡ ದನಕ್ಕೆ ವಿಷ, ಕೊಟ್ಟಿಗೆಯ ಹತ್ತಿರ ಬೇಡ.

ಗೌರಿ ಹೂವಿಗೆ ಮಾತ್ರ ತಾಳ್ಮೆ ಬೇಕು. ಎಲೆಯ ತುದಿಯೇ ಬಳ್ಳಿಯ ಕೈಯಾಗಿ ಬೇಲಿ ಹಿಡಿಯುತ್ತದೆ, ಹೂ ಹಸಿರು ಹಳದಿಯಿಂದ ಶುರುವಾಗಿ ಬೆಂಕಿಯ ಕೆಂಪಿಗೆ ಬರುತ್ತದೆ. ಬೀಜದಿಂದ ಹಾಕಿದರೆ ಹೂ ನೋಡಲು ಎರಡು ಮೂರು ವರ್ಷ. ಗಡ್ಡೆ ತಂದರೆ ಬೇಗ. ಹಾಗಂತ ಕಾಡಿನ ಗಡ್ಡೆ ಅಗೆದು ತರಬೇಡಿ, ನಾಲ್ಕು ಬೀಜ ತನ್ನಿ. ಗಡ್ಡೆಯೂ ಬೀಜವೂ ಎರಡೂ ಕಡು ವಿಷ, ಮಕ್ಕಳಿರುವ ಮನೆಯವರು ಯೋಚನೆ ಮಾಡಿ. ನಾನು ಬೇಲಿಯ ಆಚೆ ಹಾಕಿದ್ದೇನೆ.

ಹಾಗಾದರೆ ಪ್ಯಾಕೆಟ್ ಕೊಳ್ಳಬೇಕಾ? ಶಿವಮೊಗ್ಗ, ಭದ್ರಾವತಿ ಕಡೆಯವರಾದರೆ, ಮಳೆ ಕಮ್ಮಿ, ಬಯಲು ಬಿಸಿಲು, ಅಕ್ಟೋಬರಿನಲ್ಲಿ ಹಾಕುವುದಾದರೆ ಸಿಗುವ ಹೂ ಚೆನ್ನಾಗಿರುತ್ತದೆ. ಆದರೂ ಮಿಕ್ಸ್ ಬೇಡ. ಕಾಸ್ಮೊಸ್ ಒಂದು, ಅಗಸೆ ಒಂದು, ಬೇರೆ ಬೇರೆಯಾಗಿ ಕೊಂಡರೆ ಅರ್ಧ ದುಡ್ಡಿಗೆ ನಾರಿನ ಪುಡಿ ಇಲ್ಲದೆ ಬರುತ್ತದೆ. ತೀರ್ಥಹಳ್ಳಿ, ಹೊಸನಗರ, ಸಾಗರದ ಮಳೆ ಕಡೆಯವರು ಮೇ ಜೂನಿನಲ್ಲಿ ಇದನ್ನು ಬಿತ್ತುವುದು ಅಂದರೆ ದುಡ್ಡನ್ನು ಕಾಲುವೆಗೆ ಹಾಕಿದ ಹಾಗೆ. ಆ ತಿಂಗಳಿಗೆ ಕರ್ಣಕುಂಡಲ ಇದೆಯಲ್ಲ.

ಹತ್ತು ಹನ್ನೆರಡು ಸಾಲು ಬರೆದು ಮಾರಿದವರಿಗೂ ಕಳಿಸಿದ್ದೆ, 22ರಲ್ಲಿ ಹನ್ನೊಂದು ಬಗೆ ಎಲ್ಲಿ ಹೋಯಿತು ಅಂತ, ತಟ್ಟೆಯ ಫೋಟೋ ಸಮೇತ. ಎರಡು ತಿಂಗಳು ಸದ್ದಿಲ್ಲ. ಆಮೇಲೆ ‘ತೊಂದರೆಗೆ ವಿಷಾದ, ಇನ್ನೊಂದು ಪ್ಯಾಕೆಟ್ ಉಚಿತವಾಗಿ ಕಳಿಸುತ್ತಿದ್ದೇವೆ, ಈಗಲೇ ಬಿತ್ತಿ ಆನಂದಿಸಿ’ ಅಂತ ಬಂತು. ಈ ವರ್ಷ ಜೂನ್ ಕೊನೆಯಲ್ಲಿ ಗೂಡಂಗಡಿಯಿಂದ ಫೋನ್. ನಮ್ಮನೆಯವರು ಕೊಪ್ಪೆಯೊಳಗೆ ಮುಚ್ಚಿಟ್ಟುಕೊಂಡು ತಂದರು, ಹೊರಗೆ ಆರಿದ್ರಾ ಹೊಡೆಯುತ್ತಿತ್ತು. ಅದೇ ಹಿಮದ ಬೆಟ್ಟ. ಅತ್ತೆ ಬೀಜದ ಡಬ್ಬಿಯಲ್ಲಿ ಹುರಿದ ಅಕ್ಕಿಯ ಜೊತೆ ಹಾಕಿ ಒಲೆಯ ಮೇಲಿನ ಅಟ್ಟಕ್ಕೆ ಇಟ್ಟಿದ್ದಾರೆ. ಚಿತ್ತಾ ಮಳೆ ಒಂದು ಹೋಗಲಿ.